ಶಾಲು ಹೊದಿಸುವ ಮುನ್ನ



ಬಸವ ಜಯಂತಿಯಿಂದ ಹಿಡಿದು ಶ್ರಾವಣದ ಪ್ರವಚನ, ಮಠದ ಜಾತ್ರೆ, ಲಿಂಗೈಕ್ಯ ಪೂಜ್ಯರ ಸ್ಮರಣೋತ್ಸವದವರೆಗೆ ನಮ್ಮ ಮಠಗಳ ವೇದಿಕೆಗಳಲ್ಲಿ ವರ್ಷವಿಡೀ ಪ್ರಶಸ್ತಿ ಪ್ರದಾನ ನಡೆಯುತ್ತಲೇ ಇರುತ್ತದೆ. ಶಾಲು, ಪೇಟ, ಫಲಪುಷ್ಪ, ನೆನಪಿನ ಕಾಣಿಕೆ, ಜೊತೆಗೆ ಒಂದಿಷ್ಟು ಹಮ್ಮಿಣಿ. ಸಾಹಿತಿಗಳು, ಗಾಯಕರು, ಸಂಶೋಧಕರು, ಶಿಕ್ಷಣ ಸಂಸ್ಥೆ ಕಟ್ಟಿದವರು, ದಾನಿಗಳು, ಜನಪ್ರತಿನಿಧಿಗಳು ಸನ್ಮಾನಿತರಾಗುತ್ತಾರೆ. ಅವರಲ್ಲಿ ಅರ್ಹರು ಬಹಳ ಮಂದಿ ಇದ್ದಾರೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಒಂದು ಬಗೆಯ ಕಾಯಕ ಮಾಡಿದವರು ಆ ಪಟ್ಟಿಯಲ್ಲಿ ಕಾಣುವುದು ಅಪರೂಪ. ಬಡವರು, ದಲಿತರು, ಹೆಣ್ಣುಮಕ್ಕಳು, ಕೂಲಿಕಾರರು ತಮ್ಮ ಹಕ್ಕಿನ ನ್ಯಾಯ ಪಡೆಯುವಂತೆ ಜೊತೆಗೆ ನಿಂತು ಓಡಾಡಿದವರು ಅವರು. ಠಾಣೆಗೆ, ಕಚೇರಿಗೆ, ಕೋರ್ಟಿಗೆ ಇನ್ನೊಬ್ಬರ ಕೈ ಹಿಡಿದು ಹೋದವರನ್ನು ನಮ್ಮ ವೇದಿಕೆಗೆ ಕರೆದದ್ದು ಎಷ್ಟು ಸಲ ಎಂದು ಪ್ರತಿ ಮಠದವರೂ ತಮ್ಮ ಹಳೆಯ ಆಮಂತ್ರಣ ಪತ್ರಿಕೆಗಳನ್ನು ತೆಗೆದು ನೋಡಬಹುದು.

ನ್ಯಾಯ ಕೊಡಿಸುವುದು ಕೋರ್ಟಿನ ಕೆಲಸ, ವಕೀಲರ ಕೆಲಸ, ಅದರಲ್ಲಿ ಮಠಕ್ಕೇನು ಎಂದು ಕೇಳುವವರಿದ್ದಾರೆ. ಊಟ ಹಾಕುವುದು ಯಾರ ಕೆಲಸ, ಓದಿಸುವುದು ಯಾರ ಕೆಲಸ ಎಂದು ನಮ್ಮ ಮಠಗಳು ಯಾವತ್ತೂ ಕೇಳಲಿಲ್ಲ. ಹಸಿದವರು ಬಂದರು, ಒಲೆ ಹೊತ್ತಿಸಿದರು. ಓದಬೇಕೆನ್ನುವ ಮಕ್ಕಳು ಬಂದರು, ಪ್ರಸಾದ ನಿಲಯ ಕಟ್ಟಿದರು. ಇಂದು ನಾಡಿನ ಬಡವರಿಗೆ ಅನ್ನದಷ್ಟೇ, ಅಕ್ಷರದಷ್ಟೇ ಅಗತ್ಯವಾದ ಮೂರನೆಯದೊಂದಿದೆ. ಕಾಗದದ ಮೇಲೆ ತಮಗೆ ಬಂದಿರುವ ಹಕ್ಕನ್ನು ಕೈಗೆ ಪಡೆಯುವುದು. ಅದಕ್ಕೆ ನೆರವಾದವರನ್ನು ಗುರುತಿಸುವ ಪ್ರಶಸ್ತಿಗಳು ಜಗತ್ತಿನಲ್ಲಿ ಕೆಲವು ಇವೆ. ಅವುಗಳಲ್ಲಿ ಎರಡು ನಮ್ಮ ಕರ್ನಾಟಕದ ನೆಲದಲ್ಲಿ ನಡೆದ ಕೆಲಸಕ್ಕೇ ಬಂದಿವೆ. ಆ ಎರಡನ್ನೂ ಹತ್ತಿರದಿಂದ ನೋಡಿದರೆ ಪ್ರಶಸ್ತಿ ಏನು ಮಾಡಬಲ್ಲದು, ಎಲ್ಲಿ ಸೋಲುತ್ತದೆ ಎಂಬುದು ತಿಳಿಯುತ್ತದೆ.

ಮೊದಲನೆಯದು ಕೋಲಾರ ಚಿನ್ನದ ಗಣಿಯ ಊರಿನಿಂದ ಬಂದದ್ದು. ಎಂಜಿನಿಯರಿಂಗ್ ಓದಿದ ನಮ್ಮ ತಲೆಮಾರಿನವರಿಗೆ ಕೆಜಿಎಫ್ ಎಂದರೆ ಹೆಮ್ಮೆ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಅಷ್ಟು ದೂರ ತಂತಿಯ ಮೇಲೆ ಹರಿದು ಮೊದಲು ಬೆಳಗಿದ್ದು ಆ ಗಣಿಗಳನ್ನು. ಬೆಂಗಳೂರಿಗಿಂತ ಮೊದಲೇ ವಿದ್ಯುತ್ ಕಂಡ ಊರು ಅದು. ಅದೇ ಊರಿನಲ್ಲಿ, ಅದೇ ಶತಮಾನ ಮುಗಿಯುತ್ತ ಬಂದಾಗಲೂ, ಕಾರ್ಮಿಕರ ಸಾಲುಮನೆಗಳ ಬಳಿ ನೀರಿಲ್ಲದ ಒಣ ಪಾಯಿಖಾನೆಗಳಿದ್ದವು. ಅವನ್ನು ಮನುಷ್ಯರೇ ಕೈಯಿಂದ ಬಳಿದು, ಬಕೆಟ್ಟಿನಲ್ಲಿ ತುಂಬಿ ಹೊರುತ್ತಿದ್ದರು. ಭೂಮಿಯ ಒಳಗೆ ಮೈಲಿಗಟ್ಟಲೆ ಇಳಿದು ಚಿನ್ನ ತೆಗೆಯುವ ತಂತ್ರಜ್ಞಾನ ಇದ್ದ ಊರಿಗೆ ಒಂದು ಫ್ಲಶ್ ಪಾಯಿಖಾನೆ ಕಟ್ಟುವ ತಂತ್ರಜ್ಞಾನ ಇರಲಿಲ್ಲವೆಂದು ಯಾರು ನಂಬುತ್ತಾರೆ? ಕೊರತೆ ಇದ್ದದ್ದು ತಂತ್ರಜ್ಞಾನದ್ದಲ್ಲ. ಬಳಿಯುವ ಜಾತಿಯೊಂದು ಸಿದ್ಧವಾಗಿ ಸಿಗುತ್ತಿದ್ದಾಗ ಕೊಳವೆ ಹಾಕುವ ಖರ್ಚು ಯಾಕೆ ಎಂಬ ಲೆಕ್ಕಾಚಾರ ಅದು.

ಆ ಕೆಲಸ ಮಾಡುತ್ತಿದ್ದ ಕುಟುಂಬವೊಂದರಲ್ಲಿ ಹುಟ್ಟಿದವರು ಬೆಜವಾಡ ವಿಲ್ಸನ್. ಓದಿಕೊಂಡು, ತನ್ನ ಜನರ ಬದುಕನ್ನು ಕಣ್ಣಾರೆ ಕಂಡು, ಸುಮ್ಮನಿರಲಾಗದೆ ಪತ್ರ ಬರೆಯತೊಡಗಿದರು. ಅಧಿಕಾರಿಗಳಿಗೆ ಬರೆದರು, ಸರ್ಕಾರಕ್ಕೆ ಬರೆದರು. ಬರಿಯ ಮಾತಿಗೆ ಬೆಲೆಯಿಲ್ಲವೆಂದು ತಿಳಿದು ಒಣ ಪಾಯಿಖಾನೆಗಳ ಫೋಟೋ ತೆಗೆಸಿ ಸಾಕ್ಷಿ ಮಾಡಿಟ್ಟರು. 1993ರಲ್ಲಿ ಮಲ ಬಳಿಸುವುದನ್ನೂ ಒಣ ಪಾಯಿಖಾನೆ ಕಟ್ಟುವುದನ್ನೂ ನಿಷೇಧಿಸುವ ಕಾನೂನನ್ನು ಸಂಸತ್ತು ಮಾಡಿತ್ತು. ಕಾನೂನು ಪುಸ್ತಕದಲ್ಲಿತ್ತು, ಬಕೆಟ್ಟು ತಲೆಯ ಮೇಲೆಯೇ ಇತ್ತು. 1994ರಲ್ಲಿ ವಿಲ್ಸನ್ ಅವರು ನಿವೃತ್ತ ಐಎಎಸ್ ಅಧಿಕಾರಿ ಎಸ್.ಆರ್. ಶಂಕರನ್ ಮೊದಲಾದವರ ಜೊತೆ ಸೇರಿ ಸಫಾಯಿ ಕರ್ಮಚಾರಿ ಆಂದೋಲನವನ್ನು ಕಟ್ಟಿದರು. 2003ರಲ್ಲಿ ಆಂದೋಲನವು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು.

ಮುಂದಿನದ್ದು ಓದುಗರು ಗಮನಿಸಬೇಕಾದ ಸಂಗತಿ. ಕೋರ್ಟು ಕೇಳಿದಾಗ ಹಲವು ರಾಜ್ಯಗಳು "ನಮ್ಮಲ್ಲಿ ಇಂಥ ಪದ್ಧತಿಯೇ ಇಲ್ಲ" ಎಂದು ಪ್ರಮಾಣಪತ್ರ ಸಲ್ಲಿಸಿದವು. ಇಲ್ಲ ಎಂದ ಊರುಗಳಿಂದಲೇ ಆಂದೋಲನದವರು ಪಾಯಿಖಾನೆಯ ವಿಳಾಸ, ಬಳಿಯುವವರ ಹೆಸರು, ಫೋಟೋ ತಂದು ಕೋರ್ಟಿನ ಮುಂದಿಟ್ಟರು. ಹೀಗೆ ಹನ್ನೊಂದು ವರ್ಷ. ಆ ನಡುವೆ 2013ರಲ್ಲಿ ಹೊಸ ಕಾನೂನು ಬಂತು. 2014ರ ಮಾರ್ಚ್ 27ರಂದು ತೀರ್ಪು ಬಂತು. 1993ರಿಂದ ಈಚೆಗೆ ಒಳಚರಂಡಿ, ಮಲದ ಗುಂಡಿಗಳಲ್ಲಿ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೂ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಕೋರ್ಟು ಹೇಳಿತು. 2016ರಲ್ಲಿ ವಿಲ್ಸನ್ ಅವರಿಗೆ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದೇ ವರ್ಷ ಕರ್ನಾಟಕ ಸಂಗೀತದ ಗಾಯಕ ಟಿ.ಎಂ. ಕೃಷ್ಣ ಅವರಿಗೂ ಆ ಪ್ರಶಸ್ತಿ ಬಂದದ್ದು ಬಹಳ ಜನರಿಗೆ ನೆನಪಿರಬಹುದು.

ಪ್ರಶಸ್ತಿಯಿಂದ ಏನಾಯಿತು? ಅಲ್ಲಿಯವರೆಗೆ ಹೇಸಿಗೆಯೆಂದು ಮುಖ ತಿರುಗಿಸುತ್ತಿದ್ದವರೂ ವಿಷಯವನ್ನು ಕಿವಿಗೊಟ್ಟು ಕೇಳುವಂತಾಯಿತು. ಪತ್ರಿಕೆಗಳು ಬರೆದವು. ಶಾಲಾ ಕಾಲೇಜುಗಳು ಕರೆದು ಮಾತಾಡಿಸಿದವು. ಇದು ಸಣ್ಣ ಲಾಭವಲ್ಲ. ಆದರೆ ಗುಂಡಿಗೆ ಇಳಿಯುವುದು ನಿಲ್ಲಲಿಲ್ಲ. ನಿಂತಿದ್ದರೆ 2023ರ ಅಕ್ಟೋಬರ್ 20ರಂದು ಸುಪ್ರೀಂ ಕೋರ್ಟು ಮತ್ತೆ ಇದೇ ವಿಷಯಕ್ಕೆ ತೀರ್ಪು ಕೊಡಬೇಕಾಗಿರಲಿಲ್ಲ. ಆ ತೀರ್ಪಿನಲ್ಲಿ ಪರಿಹಾರದ ಮೊತ್ತವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಲಾಯಿತು. ದುಡಿಯಲಾಗದಂತೆ ಶಾಶ್ವತವಾಗಿ ಅಂಗವಿಕಲರಾದರೆ 20 ಲಕ್ಷಕ್ಕೆ ಕಡಿಮೆಯಿಲ್ಲದಂತೆ ಕೊಡಬೇಕೆಂದೂ ಹೇಳಲಾಯಿತು. 2025ರ ಜನವರಿ 29ರಂದು ಅದೇ ಪ್ರಕರಣದಲ್ಲಿ ಆರು ಮಹಾನಗರಗಳಲ್ಲಿ ಮನುಷ್ಯರನ್ನು ಒಳಚರಂಡಿಗೆ ಇಳಿಸಿ ಸ್ವಚ್ಛ ಮಾಡಿಸುವುದನ್ನು ಕೋರ್ಟು ನಿಷೇಧಿಸಿತು. ಆ ಆರರಲ್ಲಿ ನಮ್ಮ ಬೆಂಗಳೂರೂ ಒಂದು.

ಎರಡನೆಯ ಪ್ರಶಸ್ತಿ ಬೆಂಗಳೂರಿಗೇ ಬಂದದ್ದು. ರೂತ್ ಮನೋರಮಾ ಅವರಿಗೆ 2006ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಸಂದಿತು. ಕೊಳೆಗೇರಿಯ ಹೆಣ್ಣುಮಕ್ಕಳನ್ನು, ಮನೆಗೆಲಸದವರನ್ನು, ದಲಿತ ಮಹಿಳೆಯರನ್ನು ದಶಕಗಳ ಕಾಲ ಸಂಘಟಿಸಿದವರು ಅವರು. ಈ ಪ್ರಶಸ್ತಿ ಹುಟ್ಟಿದ ಕಥೆಯೂ ಕೇಳುವಂತಿದೆ. ಯಾಕೋಬ್ ಫಾನ್ ಉಕ್ಸ್‌ಕ್ಯುಲ್ ಎಂಬುವವರು ಬಡವರ ಮತ್ತು ಪರಿಸರದ ಪರವಾದ ಕೆಲಸಕ್ಕೂ ಹೊಸ ಬಹುಮಾನ ಇಡಿ ಎಂದು ನೊಬೆಲ್ ಸಂಸ್ಥೆಯನ್ನು ಕೇಳಿದರು. ಅವರು ಒಪ್ಪಲಿಲ್ಲ. ಈತ ತಾನು ಕೂಡಿಟ್ಟಿದ್ದ ಬೆಲೆಬಾಳುವ ಅಂಚೆಚೀಟಿಗಳನ್ನು ಮಾರಿ, ಬಂದ ಹಣದಿಂದ 1980ರಲ್ಲಿ ತಾನೇ ಪ್ರಶಸ್ತಿ ಆರಂಭಿಸಿದರು. ಅದಕ್ಕೆ ಯಾರು ಯಾರ ಹೆಸರನ್ನಾದರೂ ಸೂಚಿಸಬಹುದು. ತನ್ನ ಹೆಸರನ್ನು ತಾನೇ ಸೂಚಿಸಿಕೊಳ್ಳುವಂತಿಲ್ಲ. ಅರ್ಜಿ, ಬಯೋಡೇಟಾ, ಶಿಫಾರಸು ಪತ್ರ ಹಿಡಿದು ಸಚಿವರ ಮನೆಯ ಮುಂದೆ ಸಾಲುಗಟ್ಟುವುದನ್ನು ಕಂಡಿರುವ ನಮಗೆ ಈ ಒಂದು ನಿಯಮವೇ ದೊಡ್ಡ ಪಾಠ.

ಮನೆಗೆಲಸದವರ ವಿಷಯದಲ್ಲಿ ಕರ್ನಾಟಕ 2004ರಲ್ಲೇ ಮುಂದಡಿ ಇಟ್ಟಿತ್ತು. ಮನೆಗೆಲಸವನ್ನು ಕನಿಷ್ಠ ವೇತನದ ವ್ಯಾಪ್ತಿಗೆ ತಂದ ಮೊದಲ ಕೆಲವು ರಾಜ್ಯಗಳಲ್ಲಿ ನಮ್ಮದೂ ಸೇರಿತ್ತು. ಅದರ ಹಿಂದೆ ಇಂಥ ಸಂಘಟನೆಗಳ ಒತ್ತಾಯವಿತ್ತು. ನಾನಿರುವ ಬಿಳೇಕಹಳ್ಳಿಯಲ್ಲಿ ಬನ್ನೇರುಘಟ್ಟ ರಸ್ತೆಯ ಎರಡೂ ಬದಿ ಅಪಾರ್ಟ್‌ಮೆಂಟುಗಳು ಎದ್ದಿವೆ. ಬೆಳಿಗ್ಗೆ ಆರೂವರೆಗೆ ಗೇಟಿನ ಮುಂದೆ ನಿಂತರೆ ಕೈಚೀಲ ಹಿಡಿದ ನೂರಾರು ಹೆಣ್ಣುಮಕ್ಕಳು ಒಳಗೆ ಹೋಗುವುದು ಕಾಣುತ್ತದೆ. ಸರ್ಕಾರ ತಮಗೆ ಕನಿಷ್ಠ ವೇತನ ನಿಗದಿ ಮಾಡಿದೆ ಎಂಬುದು ಅವರಲ್ಲಿ ಎಷ್ಟು ಮಂದಿಗೆ ಗೊತ್ತು? ಅವರನ್ನು ಕೆಲಸಕ್ಕೆ ಇಟ್ಟುಕೊಂಡ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಇದು ಬಸವ ಜಯಂತಿಯ ದಿನ ಮನೆ ಮನೆಯಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆ.

ಇಲ್ಲಿ ಒಂದು ಲೆಕ್ಕದ ಮಾತು ಹೇಳಬೇಕು. ಪೊಲೀಸ್, ನ್ಯಾಯಾಂಗ, ಕಾರಾಗೃಹ, ಕಾನೂನು ನೆರವು ಈ ನಾಲ್ಕನ್ನೂ ಅಳೆದು ರಾಜ್ಯಗಳಿಗೆ ಸ್ಥಾನ ನೀಡುವ 'ಇಂಡಿಯಾ ಜಸ್ಟಿಸ್ ರಿಪೋರ್ಟ್' ಎಂಬ ವರದಿಯಿದೆ. ಅದರ 2022ರ ಆವೃತ್ತಿಯಲ್ಲೂ 2025ರ ಆವೃತ್ತಿಯಲ್ಲೂ ದೊಡ್ಡ ಮತ್ತು ಮಧ್ಯಮ ಗಾತ್ರದ 18 ರಾಜ್ಯಗಳಲ್ಲಿ ಕರ್ನಾಟಕಕ್ಕೇ ಮೊದಲ ಸ್ಥಾನ. ಇದೂ ಒಂದು ಪ್ರಶಸ್ತಿಯೇ. ಸಂತೋಷಪಡೋಣ. ಆದರೆ ಆ ವರದಿ ಮುಖ್ಯವಾಗಿ ಅಳೆಯುವುದು ಸಾಮರ್ಥ್ಯವನ್ನು. ಎಷ್ಟು ಹುದ್ದೆ ಭರ್ತಿಯಾಗಿದೆ, ಎಷ್ಟು ಹಣ ಖರ್ಚಾಗಿದೆ, ಎಷ್ಟು ಮಹಿಳಾ ಸಿಬ್ಬಂದಿ ಇದ್ದಾರೆ ಎಂಬಂಥವನ್ನು.

ನೀರಾವರಿ ಬಲ್ಲವರಿಗೆ ಇದರ ಅರ್ಥ ಬೇಗ ತಿಳಿಯುತ್ತದೆ. ಜಲಾಶಯದ ಮಟ್ಟ ಪೂರ್ಣವಾಗಿದೆ ಎಂದು ಪತ್ರಿಕೆಯಲ್ಲಿ ಬರುತ್ತದೆ, ಮುಖ್ಯಮಂತ್ರಿಗಳು ಬಾಗಿನ ಅರ್ಪಿಸುತ್ತಾರೆ. ನಾಲೆಯ ಕೊನೆಯ ಹೊಲದ ರೈತ ಮಾತ್ರ ಒಣಗಿದ ಕಾಲುವೆಯಲ್ಲಿ ನಿಂತು ಆಕಾಶ ನೋಡುತ್ತಿರುತ್ತಾನೆ. ಅಣೆಕಟ್ಟೆಯಲ್ಲಿ ನೀರಿಲ್ಲವೆಂದಲ್ಲ. ನಡುವೆ ಹೂಳು ತುಂಬಿದೆ, ತೂಬು ಕೆಟ್ಟಿದೆ, ಮೇಲಿನವರು ಪಂಪು ಇಟ್ಟಿದ್ದಾರೆ. ನೀರಾವರಿ ಯೋಜನೆ ಗೆದ್ದಿತೋ ಇಲ್ಲವೋ ಎಂದು ಹೇಳಬೇಕಾದವನು ಆ ಕೊನೆಯ ಹೊಲದವನು. ನ್ಯಾಯದ ವಿಷಯವೂ ಅಷ್ಟೇ. ತೀರ್ಪು ಜಲಾಶಯದಲ್ಲಿದೆ. ನಾಲೆಯ ಹೂಳು ತೆಗೆಯುವವರು ಯಾರು? ನಾವು ಗುರುತಿಸಬೇಕಾದದ್ದು ಅವರನ್ನು.

ಗುಂಡಿಯಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ಹೆಣ್ಣುಮಗಳನ್ನು ಕಲ್ಪಿಸಿಕೊಳ್ಳಿ. ಮೂವತ್ತು ಲಕ್ಷ ಆಕೆಯ ಹಕ್ಕು, ಅದು ಯಾರ ಭಿಕ್ಷೆಯೂ ಅಲ್ಲ. ಆದರೆ ಕೆಲಸಕ್ಕೆ ಕರೆದ ಮೇಸ್ತ್ರಿ ಅದೇ ಸಂಜೆ ಒಂದಿಷ್ಟು ನೋಟು ಕೈಗಿಟ್ಟು ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾನೆ. ಕಾಲು ಜಾರಿ ಬಿದ್ದು ಸತ್ತನೆಂದು ದೂರಿನಲ್ಲಿ ಬರೆಸಲಾಗುತ್ತದೆ. ಎಫ್‌ಐಆರ್ ಹೀಗೆ ದಾಖಲಾದರೆ ಮುಂದಿನ ದಾರಿಯೆಲ್ಲ ಮುಚ್ಚಿದಂತೆಯೇ. ಮರಣೋತ್ತರ ಪರೀಕ್ಷೆಯ ವರದಿ, ಮರಣ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ವಂಶವೃಕ್ಷ, ಬ್ಯಾಂಕ್ ಖಾತೆ, ಎಲ್ಲಕ್ಕೂ ಬೇರೆ ಬೇರೆ ಕಚೇರಿ. ಪ್ರತಿ ಕಚೇರಿಯಲ್ಲೂ "ನಾಳೆ ಬಾ". ಪ್ರತಿ 'ನಾಳೆ'ಗೂ ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜು ಹೋಗುತ್ತದೆ, ಜೆರಾಕ್ಸ್ ಹಣ ಹೋಗುತ್ತದೆ. ಮೂರನೆಯ 'ನಾಳೆ'ಗೆ ಆಕೆ ಬರುವುದನ್ನು ನಿಲ್ಲಿಸುತ್ತಾಳೆ. ಸುಪ್ರೀಂ ಕೋರ್ಟಿನ ತೀರ್ಪು ದಿಲ್ಲಿಯಿಂದ ಆಕೆಯ ಊರಿನ ಹತ್ತಿರದವರೆಗೂ ಬಂದು, ಕೊನೆಯ ಮೂರು ಮೈಲಿಯಲ್ಲಿ ನಿಂತುಹೋಗುವುದು ಹೀಗೆ.

ಇದಕ್ಕೆ ಕಾನೂನಿನಲ್ಲಿ ಉತ್ತರವಿಲ್ಲವೆಂದಲ್ಲ. 1976ರ 42ನೇ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ 39-ಎ ವಿಧಿ ಸೇರಿತು. ಹಣವಿಲ್ಲವೆಂಬ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು, ಸರ್ಕಾರ ಉಚಿತ ಕಾನೂನು ನೆರವು ಕೊಡಬೇಕು ಎಂದು ಅದರ ಸಾರ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂತು. ಆ ದಿನವನ್ನೇ ಕಾನೂನು ಸೇವಾ ದಿನವೆಂದು ಆಚರಿಸುತ್ತೇವೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ, ಎಲ್ಲ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೆಂದು ಕೇಳದೆ ಉಚಿತ ವಕೀಲರನ್ನು ಕೊಡಬೇಕು. ಉಳಿದ ಬಡವರಿಗೆ ಸರ್ಕಾರ ನಿಗದಿ ಮಾಡಿದ ಆದಾಯ ಮಿತಿಯೊಳಗೆ ಕೊಡಬೇಕು. ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲಿಯೇ ತಾಲ್ಲೂಕು ಕಾನೂನು ಸೇವಾ ಸಮಿತಿಯಿದೆ. ಜಿಲ್ಲೆಗೊಂದು ಪ್ರಾಧಿಕಾರವಿದೆ. ರಾಜ್ಯ ಪ್ರಾಧಿಕಾರದ ಕಚೇರಿ ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯಲ್ಲಿದೆ, ಕಟ್ಟಡದ ಹೆಸರು 'ನ್ಯಾಯ ದೇಗುಲ'. ಫೋನಿನಲ್ಲಿ 15100 ಒತ್ತಿದರೆ ರಾಷ್ಟ್ರೀಯ ಪ್ರಾಧಿಕಾರದ ಸಹಾಯವಾಣಿ ಸಿಗುತ್ತದೆ. ಈ ಒಂದು ಸಂಖ್ಯೆಯನ್ನು ನಮ್ಮ ಪ್ರತಿ ದಾಸೋಹ ಭವನದ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದರೆ ಎಷ್ಟು ಖರ್ಚಾದೀತು?

ದೇಗುಲವಿದೆ. ದಾರಿ ತೋರಿಸುವವರು ಬೇಕು. ಅರೆಕಾನೂನು ಸ್ವಯಂಸೇವಕರೆಂದು ಪ್ರಾಧಿಕಾರದವರು ತರಬೇತಿ ಕೊಟ್ಟ ಹುಡುಗ ಹುಡುಗಿಯರಿದ್ದಾರೆ. ಫೀಸಿನ ಮುಖ ನೋಡದೆ ವಕಾಲತ್ತು ಹಾಕುವ ತಾಲ್ಲೂಕು ವಕೀಲರಿದ್ದಾರೆ. ನಿಯಮದಂತೆ ಫೈಲು ಮುಂದೆ ಸರಿಸಿ, ಅದರಿಂದಲೇ ವರ್ಗಾವಣೆಯ ಬಿಸಿ ತಿಂದ ಗುಮಾಸ್ತರಿದ್ದಾರೆ. ಸತ್ತವನ ಮನೆಯವರ ಪರ ನಿಂತು ಸರಿಯಾದ ಎಫ್‌ಐಆರ್ ಬರೆಯಿಸಿದ ಸಂಘದ ಕಾರ್ಯಕರ್ತರಿದ್ದಾರೆ. ಇವರ ಹೆಸರು ಪೇಪರಿನಲ್ಲಿ ಬರುವುದಿಲ್ಲ. ಇವರು ಅರ್ಜಿ ಹಾಕುವುದೂ ಇಲ್ಲ.

ನಮ್ಮ ಪರಂಪರೆಗೆ ಈ ಕಾಯಕ ಹೊಸದಲ್ಲ. ಡೋಹರ ಕಕ್ಕಯ್ಯ, ಅಂಗಳ ಗುಡಿಸುವ ಕಾಯಕದ ಸತ್ಯಕ್ಕ ಇವರನ್ನು ಅನುಭವ ಮಂಟಪ ಕರೆದದ್ದು ಕನಿಕರದಿಂದಲ್ಲ. ಅವರ ಮಾತಿಗೆ ಎಲ್ಲರ ಮಾತಿನ ತೂಕವೇ ಇತ್ತು. ಹರಳಯ್ಯ ಮಧುವರಸರ ಮನೆಗಳ ನಡುವೆ ಮದುವೆಯ ನಂಟು ಬೆಳೆದಾಗ ಕಲ್ಯಾಣದ ಅರಮನೆ ಕೊಟ್ಟದ್ದು ಎಳೆಹೂಟೆಯ ಶಿಕ್ಷೆ. ಅಧಿಕಾರದ ಬಾಗಿಲಲ್ಲಿ ಕೆಳಗಿನವರಿಗೆ ನ್ಯಾಯ ಸಿಗದಿದ್ದರೆ ಏನಾಗುತ್ತದೆಂದು ನಮ್ಮ ಇತಿಹಾಸವೇ ರಕ್ತದಲ್ಲಿ ಬರೆದಿಟ್ಟಿದೆ. ಆ ಇತಿಹಾಸವನ್ನು ಕಲ್ಯಾಣ ಕ್ರಾಂತಿಯೆಂದು ಪ್ರತಿ ವರ್ಷ ಭಾಷಣದಲ್ಲಿ ನೆನೆಯುವ ನಾವು ಹರಳಯ್ಯನ ಮನೆಯವರು ಇವತ್ತು ಯಾವ ಕಚೇರಿಯ ಮುಂದೆ ಕಾದು ಕುಳಿತಿದ್ದಾರೆಂದು ನೋಡಬೇಡವೇ?

ನೋಡಲು ದೂರ ಹೋಗಬೇಕಿಲ್ಲ. ದೇವರಾಜ ಅರಸು ಅವರ ಮಂತ್ರಿಮಂಡಲದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯ ನಿಷೇಧಿಸಿತು. ದೇಶದ ಕಾನೂನಿಗಿಂತ ಸುಮಾರು ಎರಡು ದಶಕ ಮೊದಲಿನ ಮಾತು. ಆದರೂ 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದ ಜನ ಪುರಸಭೆಯ ಮುಂದೆ ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡು ಪ್ರತಿಭಟಿಸಿದರು. ತಲೆಮಾರುಗಳಿಂದ ಊರಿನ ಹೊಲಸು ಬಳಿದವರನ್ನು ಇದ್ದ ಜಾಗದಿಂದ ಎಬ್ಬಿಸಲು ಹೊರಟಿದ್ದರು, ಅವರ ಮಾತನ್ನು ಕೇಳುವವರಿರಲಿಲ್ಲ. ಆ ಭಾಗದಲ್ಲಿ ಮಠಗಳಿಗೆ ಕೊರತೆಯಿಲ್ಲ. ಕೇಳುವ ಕಿವಿಗಳಿಗೆ ಕೊರತೆಯಿತ್ತು. ಒಬ್ಬ ಮನುಷ್ಯ ತನ್ನ ಅಳಲು ಕೇಳಿಸಲು ಅಂಥ ದಾರಿ ಹಿಡಿಯಬೇಕಾಯಿತೆಂದರೆ ಅದಕ್ಕೂ ಮೊದಲು ಎಷ್ಟು ಬಾಗಿಲು ತಟ್ಟಿರಬೇಕು?

ಪ್ರಶಸ್ತಿ ಬೇಡವೆಂದವರನ್ನೂ ಇಲ್ಲಿ ನೆನೆಯಬೇಕು. ವಿಲ್ಸನ್ ಜೊತೆ ಆಂದೋಲನ ಕಟ್ಟಿದ ಶಂಕರನ್ ಅವರು ಪದ್ಮಭೂಷಣವನ್ನು ಒಪ್ಪಲಿಲ್ಲ. ವಿಜಯಪುರದ ಜ್ಞಾನಯೋಗಾಶ್ರಮದ ಪೂಜ್ಯ ಸಿದ್ಧೇಶ್ವರ ಸ್ವಾಮೀಜಿಯವರು 2018ರಲ್ಲಿ ಬಂದ ಪದ್ಮಶ್ರೀಯನ್ನು ವಿನಯದಿಂದ ಹಿಂದಿರುಗಿಸಿದ್ದು ನಮಗೆಲ್ಲ ಗೊತ್ತು. ಹಾಗಾದರೆ ಪ್ರಶಸ್ತಿಯೇ ಬೇಡವೇ? ವಿರಕ್ತರಿಗೆ ಬೇಡ. ಆದರೆ ಹೋರಾಡುವವರಿಗೆ ಅದು ಒಂದು ರಕ್ಷಣೆ. ಊರಿನ ಬಲಾಢ್ಯರ ವಿರುದ್ಧ ಕೇಸು ನಡೆಸುತ್ತಿರುವ ಒಬ್ಬ ಬಡ ವಕೀಲನಿಗೆ ಆ ಊರಿನ ಮಠದ ಪೂಜ್ಯರೇ ಸಾರ್ವಜನಿಕವಾಗಿ ಶಾಲು ಹೊದಿಸಿದರೆ ಅವನ ಮೈಮೇಲೆ ಕೈ ಹಾಕಲು ಹತ್ತು ಸಲ ಯೋಚಿಸುತ್ತಾರೆ. ಅಂಥ ಕಡೆ ಶಾಲು ಅಲಂಕಾರವಲ್ಲ, ಗುರಾಣಿ. ದಿಲ್ಲಿಯ ಪ್ರಶಸ್ತಿಗೆ ಇಲ್ಲದ ಶಕ್ತಿ ಊರ ಮಠದ ಪ್ರಶಸ್ತಿಗೆ ಇರುವುದು ಈ ಕಾರಣಕ್ಕೆ. ಮಠದ ಮಾತನ್ನು ಊರು ಕೇಳುತ್ತದೆ.

ಆದ್ದರಿಂದ ನಮ್ಮ ಎಲ್ಲ ಪೂಜ್ಯರಲ್ಲಿ, ಆಡಳಿತ ಮಂಡಳಿಗಳಲ್ಲಿ, ಬಸವ ಸಂಘಟನೆಗಳಲ್ಲಿ ನಮ್ಮ ವಿನಂತಿ ಇಷ್ಟು. ವರ್ಷಕ್ಕೆ ಕೊಡುವ ಪ್ರಶಸ್ತಿಗಳಲ್ಲಿ ಒಂದನ್ನು ಈ ಕಾಯಕಕ್ಕೆ ಮೀಸಲಿಡಿ. ಇಡುವಾಗ ನಾಲ್ಕು ಕಟ್ಟುಪಾಡು ಮಾಡಿಕೊಳ್ಳಿ.

ಒಂದು, ಅರ್ಜಿ ಕರೆಯಬೇಡಿ. ತನ್ನ ಹೆಸರು ತಾನೇ ಹೇಳಿಕೊಂಡವರನ್ನು ಬಿಡಿ. ನ್ಯಾಯ ಪಡೆದವರನ್ನೇ ಕೇಳಿ: ನಿಮ್ಮ ಜೊತೆ ನಿಂತವರು ಯಾರು? ಆಯ್ಕೆ ಸಮಿತಿಯಲ್ಲಿ ಅರ್ಧದಷ್ಟು ಅಂಥವರೇ ಇರಲಿ. ಪೌರಕಾರ್ಮಿಕ ಮಹಿಳೆ, ಮನೆಗೆಲಸದ ಹೆಣ್ಣುಮಗಳು, ಜಮೀನಿನ ವ್ಯಾಜ್ಯ ಗೆದ್ದ ಕೂಲಿಕಾರ ಕುಳಿತು ಆರಿಸಿದ ಹೆಸರಿಗೆ ಇರುವ ಘನತೆ ಬೇರೆ.

ಎರಡು, ಕೆಲಸವನ್ನು ಕಡತದಲ್ಲಿ ನೋಡಿ. ಎಷ್ಟು ಸಭೆ ಮಾಡಿದರು, ಎಷ್ಟು ಭಾಷಣ ಮಾಡಿದರು ಎಂದು ಕೇಳಬೇಡಿ. ಪರಿಹಾರದ ಹಣ ಖಾತೆಗೆ ಜಮೆಯಾಯಿತೇ, ಪಹಣಿಯಲ್ಲಿ ಹೆಸರು ಬಂತೇ, ಬಾಕಿ ಕೂಲಿ ಕೈಸೇರಿತೇ ಎಂದು ಕೇಳಿ. ಸೇತುವೆಯನ್ನು ಉದ್ಘಾಟನೆಯ ಟೇಪಿನಿಂದ ಅಳೆಯುವುದಿಲ್ಲ, ಮಳೆಗಾಲದಲ್ಲಿ ದಾಟಿದವರಿಂದ ಅಳೆಯುತ್ತೇವೆ.

ಮೂರು, ಹಮ್ಮಿಣಿಯನ್ನು ಎರಡು ಪಾಲು ಮಾಡಿ. ಒಂದು ಪಾಲು ವ್ಯಕ್ತಿಗೆ, ಇನ್ನೊಂದು ಪಾಲು ಅವರು ಮುಂದೆ ಕೈಗೆತ್ತಿಕೊಳ್ಳುವ ಪ್ರಕರಣಗಳ ಖರ್ಚಿಗೆ. ವಕೀಲರು ಉಚಿತವಾಗಿ ಸಿಗುತ್ತಾರೆ, ಆದರೆ ಬಸ್ಸು ಉಚಿತವಾಗಿ ಸಿಗದ ಗಂಡಸರಿದ್ದಾರೆ, ಕೂಲಿ ಬಿಟ್ಟು ಬರಬೇಕಾದ ತಾಯಂದಿರಿದ್ದಾರೆ. ಸಿದ್ಧಗಂಗೆಯ ಲಿಂಗೈಕ್ಯ ಶಿವಕುಮಾರ ಮಹಾಸ್ವಾಮಿಗಳು ಅನ್ನ, ಅಕ್ಷರ, ಆಶ್ರಯವೆಂಬ ತ್ರಿವಿಧ ದಾಸೋಹವನ್ನು ನಾಡಿಗೆ ನಡೆದು ತೋರಿಸಿದರು. ಅದರ ಪಕ್ಕದಲ್ಲಿ ನ್ಯಾಯ ದಾಸೋಹವೆಂದು ಇನ್ನೊಂದು ಎಲೆ ಹಾಕೋಣ. ಜಾತ್ರೆಯ ದಿನಗಳಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯವರಿಗೆ ಒಂದು ಮೇಜು, ನಾಲ್ಕು ಕುರ್ಚಿ ಹಾಕಿ ಕೊಟ್ಟರೆ ಅವರು ಬಂದು ಕೂರುತ್ತಾರೆ. ಲಕ್ಷ ಜನ ಸೇರುವ ಜಾತ್ರೆಗಿಂತ ಒಳ್ಳೆಯ ಜಾಗ ಅವರಿಗೂ ಸಿಗದು.

ನಾಲ್ಕು, ಒಂದು ವರ್ಷದ ನಂತರ ತಿರುಗಿ ನೋಡಿ. ಕಳೆದ ವರ್ಷ ಪ್ರಶಸ್ತಿ ಪಡೆದವರನ್ನು ಮತ್ತೆ ವೇದಿಕೆಗೆ ಕರೆದು, ಕೆಲಸ ಎಲ್ಲಿಗೆ ಬಂತು, ಎಲ್ಲಿ ಸಿಕ್ಕಿಕೊಂಡಿದೆ, ಮಠ ಯಾರಿಗೆ ಒಂದು ಪತ್ರ ಬರೆಯಬೇಕು ಎಂದು ಐದು ನಿಮಿಷ ಕೇಳಿ. ಕಾಮಗಾರಿಗೆ ದೋಷ ಹೊಣೆಗಾರಿಕೆಯ ಅವಧಿ ಎಂದಿರುತ್ತದೆ. ಪ್ರಶಸ್ತಿಗೂ ಅಂಥದ್ದೊಂದು ಅವಧಿ ಇರಲಿ. ಹೊಣೆ ಮಾತ್ರ ಪಡೆದವರದ್ದಲ್ಲ, ಕೊಟ್ಟವರದ್ದು.

ಇದೆಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಒಂದಿದೆ. ನಮ್ಮ ಮಠಗಳ ಪ್ರಸಾದ ನಿಲಯಗಳಲ್ಲಿ, ಶಾಲೆ ಕಾಲೇಜುಗಳಲ್ಲಿ, ಕಲ್ಯಾಣ ಮಂಟಪಗಳಲ್ಲಿ ಸಾವಿರಾರು ಮಂದಿ ಬಳಸುವ ಶೌಚಗುಂಡಿಗಳಿವೆ. ನಾವು ವಾಸಿಸುವ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಕೊಳಚೆ ಶುದ್ಧೀಕರಣದ ತೊಟ್ಟಿಗಳಿವೆ. ಅವು ಕಟ್ಟಿಕೊಂಡಾಗ ಯಾರನ್ನು ಕರೆಯುತ್ತೇವೆ? ಎಂಜಿನಿಯರಾಗಿ ಇದನ್ನು ಸ್ಪಷ್ಟವಾಗಿ ಹೇಳಲೇಬೇಕು. ಮುಚ್ಚಿದ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಹುಟ್ಟುತ್ತದೆ. ಅದು ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಇಲ್ಲ, ಇಳಿಯಬಹುದು ಎಂದುಕೊಂಡವನು ಕೆಲವೇ ಉಸಿರಿನಲ್ಲಿ ಬೀಳುತ್ತಾನೆ. ಅವನನ್ನು ಎತ್ತಲು ಇಳಿದ ತಮ್ಮನೋ ಗೆಳೆಯನೋ ಅವನ ಮೇಲೆ ಬೀಳುತ್ತಾನೆ. ಒಂದೇ ಗುಂಡಿಯಲ್ಲಿ ಇಬ್ಬರು ಮೂವರು ಸತ್ತರೆಂಬ ಸುದ್ದಿ ಬರುವುದು ಈ ಕಾರಣಕ್ಕೆ. ಬಾಯಿಗೆ ಟವೆಲು ಕಟ್ಟಿಕೊಳ್ಳುವುದರಿಂದ, ಇಳಿಯುವ ಮುನ್ನ ಒಂದು ಕ್ವಾರ್ಟರ್ ಕುಡಿಸುವುದರಿಂದ ಆ ಅನಿಲ ಬಿಡುವುದಿಲ್ಲ.

2013ರ ಕಾಯ್ದೆ ಇಲ್ಲಿ ಮಠ, ಮನೆ, ಕಾರ್ಖಾನೆ ಎಂಬ ಭೇದ ಮಾಡುವುದಿಲ್ಲ. ರಕ್ಷಣಾ ಸಾಧನ, ಮುನ್ನೆಚ್ಚರಿಕೆ ಇಲ್ಲದೆ ಯಾರೇ ಆಗಲಿ, ನೇರವಾಗಿಯೋ ಗುತ್ತಿಗೆದಾರನ ಮೂಲಕವೋ, ಒಬ್ಬ ಮನುಷ್ಯನನ್ನು ಒಳಚರಂಡಿ ಅಥವಾ ಶೌಚಗುಂಡಿಗೆ ಇಳಿಸಿದರೆ ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಮತ್ತೆ ಮಾಡಿದರೆ ಐದು ವರ್ಷ, ಐದು ಲಕ್ಷದವರೆಗೆ. "ಮೇಸ್ತ್ರಿ ಕರೆತಂದ, ನಮಗೆ ಗೊತ್ತಿರಲಿಲ್ಲ" ಎಂಬ ಮಾತು ನಿಲ್ಲುವುದಿಲ್ಲ. ಹೀರುವ ಯಂತ್ರದ ಲಾರಿ ಇಂದು ತಾಲ್ಲೂಕು ಊರುಗಳಲ್ಲೂ ಬಾಡಿಗೆಗೆ ಸಿಗುತ್ತದೆ. ಬೆಂಗಳ���ರಿನಲ್ಲಿ ಬೀದಿಯ ಮ್ಯಾನ್‌ಹೋಲ್ ಕಟ್ಟಿದರೆ ಜಲಮಂಡಳಿಯ 1916ಕ್ಕೆ ಫೋನ್ ಮಾಡಬೇಕು, ಜೆಟ್ಟಿಂಗ್ ಯಂತ್ರ ಬರುತ್ತದೆ. ಒಂದು ದಿನ ತಡವಾದರೆ ತಡವಾಗಲಿ. ದುರ್ವಾಸನೆಯನ್ನು ಒಂದು ದಿನ ಸಹಿಸಬಹುದು, ಒಂದು ಹೆಣವನ್ನು ಸಹಿಸಲಾಗದು.

ನಮ್ಮ ಪ್ರತಿ ಸಂಸ್ಥೆಯೂ ಒಂದು ಠರಾವು ಮಾಡಲಿ: ನಮ್ಮ ಆವರಣದ ಯಾವ ಗುಂಡಿಗೂ ಯಾವ ಮನುಷ್ಯನನ್ನೂ ಇಳಿಸುವುದಿಲ್ಲ. ಅದನ್ನು ಬರೆದು, ಕಾರ್ಯದರ್ಶಿ ಸಹಿ ಹಾಕಿ, ಕಚೇರಿಯ ಗೋಡೆಗೆ ಅಂಟಿಸಲಿ. ಹೊಸ ಕಟ್ಟಡಕ್ಕೆ ನಕ್ಷೆ ಮಾಡುವಾಗ ಹೀರುವ ಲಾರಿ ಗುಂಡಿಯ ಹತ್ತಿರ ಬಂದು ನಿಲ್ಲುವಷ್ಟು ದಾರಿ ಬಿಡಲಿ. ಎಷ್ಟೋ ಕಡೆ ಮನುಷ್ಯ ಇಳಿಯಬೇಕಾಗಿ ಬರುವುದು ಲಾರಿ ಹೋಗಲು ಜಾಗವಿಲ್ಲವೆಂಬ ಕಾರಣಕ್ಕೆ. ಆ ಹತ್ತು ಅಡಿ ದಾರಿಯೂ ನ್ಯಾಯವೇ. ನಕ್ಷೆಯಲ್ಲಿ ಗೆರೆ ಎಳೆಯುವಾಗಲೇ ಒಂದು ಜೀವ ಉಳಿದಿರುತ್ತದೆ.

ಈ ಠರಾವು ಮಾಡಿದ ಮಠ ನ್ಯಾಯದ ಕಾಯಕಕ್ಕೆ ಪ್ರಶಸ್ತಿ ಕೊಟ್ಟರೆ ಅದಕ್ಕೊಂದು ನೈತಿಕ ಬಲವಿರುತ್ತದೆ. ಮಾಡದ ಮಠ ಕೊಟ್ಟರೆ ಅದು ಇನ್ನೊಂದು ಶಾಲು, ಅಷ್ಟೇ. ಮುಂದಿನ ಬಸವ ಜಯಂತಿಯ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ, ಸನ್ಮಾನಿತರ ಪಟ್ಟಿಯಲ್ಲಿ ನಮ್ಮ ಕ್ಷೇತ್ರದ ಶಾಸಕರ ಹೆಸರಿನ ಪಕ್ಕದಲ್ಲಿ, ಒಬ್ಬ ವಿಧವೆಗೆ ಆಕೆಯ ಹಕ್ಕಿನ ಹಣ ಕೊಡಿಸಿದ ಯಾರೋ ಒಬ್ಬರ ಹೆಸರೂ ಇದೆಯೇ ಎಂದು ನೋಡೋಣ. ಇಲ್ಲದಿದ್ದರೆ ಹುಡುಕೋಣ. ಅಂಥವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ನಮ್ಮ ಓದುಗರಿಗೆ ಅಂಥವರು ಯಾರಾದರೂ ಗೊತ್ತಿದ್ದರೆ ಮೊದಲು ನಿಮ್ಮ ಊರಿನ ಮಠಕ್ಕೆ ಹೋಗಿ ಪೂಜ್ಯರ ಮುಂದೆ ಆ ಹೆಸರು ಹೇಳಿ ಬನ್ನಿ.